ನಡುವೆ ಇಂಜಿನ್ ಇರುವ ಬಾಕ್ಸ್‌ಟರ್, ಮುಂದೆ ಇಂಜಿನ್ ಇರುವ ಜೆಡ್4: ದಾವಣಗೆರೆಯಿಂದ ಮಾರಿಕಣಿವೆವರೆಗೆ ಎರಡನ್ನೂ ಓಡಿಸಿ ನೋಡಿದೆ

ಬೆಳಿಗ್ಗೆ ದೋಸೆ ಅಂಗಡಿ ಮುಂದೆ ಎರಡೂ ಕಾರು ನಿಲ್ಲಿಸಿದ್ದೆವು. ದೋಸೆ ತಿಂದು ಹೊರಗೆ ಬರುವಷ್ಟರಲ್ಲಿ ಏಳೆಂಟು ಜನ ಸುತ್ತ ನಿಂತಿದ್ದರು. ಒಬ್ಬ ಹಿರಿಯರು ಭಾವನಿಗೆ, 'ಬಾನೆಟ್ ತೆಗೀರಿ, ಇಂಜಿನ್ ನೋಡೋಣ' ಅಂದರು. ಭಾವ ತೆಗೆದರು. ಒಳಗೆ ಅವರ ಬಟ್ಟೆ ಬ್ಯಾಗು ಬಿಟ್ಟರೆ ಏನೂ ಇಲ್ಲ. ಆಮೇಲೆ ಹಿಂದಿನ ಡಿಕ್ಕಿ ತೆಗೆದರು. ಅಲ್ಲೂ ಸಾಮಾನು ಇಡುವ ಜಾಗ, ಆಯಿಲ್ ಹಾಕುವ ಮುಚ್ಚಳ, ಕೂಲಂಟ್ ಮುಚ್ಚಳ, ಅಷ್ಟೇ. 'ಹಾಗಾದ್ರೆ ಇಂಜಿನ್ ಎಲ್ಲೈತ್ರೀ?' ಭಾವ ಸೀಟಿನ ಬೆನ್ನು ತಟ್ಟಿ ತೋರಿಸಿ, 'ಇಲ್ಲೇ ಇದೆ ಯಜಮಾನ್ರೆ, ನಮ್ಮ ಬೆನ್ನ ಹಿಂದೆ' ಅಂದರು.

ಎರಡು ಕಾರಿನ ನಡುವೆ ಇರುವ ವ್ಯತ್ಯಾಸವೆಲ್ಲ ಈ ಒಂದು ಮಾತಿನಲ್ಲೇ ಶುರುವಾಗುತ್ತದೆ.

ಭಾವನದು ಪೋರ್ಷೆ 718 ಬಾಕ್ಸ್‌ಟರ್, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. 1,988 ಸಿಸಿ, ನಾಲ್ಕು ಸಿಲಿಂಡರಿನ ಟರ್ಬೊ ಇಂಜಿನ್, 300 ಕುದುರೆ ಶಕ್ತಿ, 380 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ಏಳು ಗೇರಿನ ಪಿಡಿಕೆ, ಅಂದರೆ ಪೋರ್ಷೆಯ ಎರಡು ಕ್ಲಚ್ಚಿನ ಗೇರ್‌ಬಾಕ್ಸ್. ಇನ್ನೊಂದು ಬಿಎಂಡಬ್ಲ್ಯೂ ಜೆಡ್4 ಎಂ40ಐ. ಇದು ನನ್ನ ಗೆಳೆಯನ ಅಣ್ಣನದು, ನಾನೂ ಅವರನ್ನು ಅಣ್ಣ ಅಂತಲೇ ಕರೆಯುವುದು, ದಾವಣಗೆರೆಯಲ್ಲೇ ಇರುತ್ತಾರೆ. ಮೂರು ಲೀಟರಿನ ಆರು ಸಿಲಿಂಡರ್ ಟರ್ಬೊ, 340 ಕುದುರೆ ಶಕ್ತಿ, 500 ನ್ಯೂಟನ್ ಮೀಟರ್, ಎಂಟು ಗೇರಿನ ಆಟೊಮ್ಯಾಟಿಕ್. ಎರಡಕ್ಕೂ ಎರಡೇ ಸೀಟು, ಎರಡಕ್ಕೂ ಬಟ್ಟೆಯ ಟಾಪು. ಕಾಗದದ ಮೇಲೆ ನೋಡಿದರೆ ಜೆಡ್4 ಮುಂದೆ ಇದೆ. 100 ಕಿಲೋಮೀಟರ್ ವೇಗ ಮುಟ್ಟಲು ಅದಕ್ಕೆ 4.5 ಸೆಕೆಂಡ್, ಬಾಕ್ಸ್‌ಟರಿಗೆ 4.9. ಆದರೆ ತೂಕದಲ್ಲಿ ಜೆಡ್4 ಸುಮಾರು 170 ಕೆಜಿ ಜಾಸ್ತಿ, ಅಂದರೆ ಮೂರು ಮೂಟೆ ಅಕ್ಕಿಗಿಂತ ಹೆಚ್ಚು.

ಆಷಾಢದ ಒಂದು ಭಾನುವಾರ. ಭಾವ ಬೆಂಗಳೂರಿಗೆ ವಾಪಸ್ ಹೊರಟಿದ್ದರು. ಹಿರಿಯೂರಿನ ಹತ್ತಿರದ ಮಾರಿಕಣಿವೆ ತನಕ ಜೊತೆಗೆ ಹೋಗೋಣ, ದಾರಿಯಲ್ಲಿ ಕಾರು ಬದಲಾಯಿಸಿಕೊಂಡು ನಾನು ಎರಡನ್ನೂ ಓಡಿಸುವುದು, ಅಲ್ಲಿಂದ ಭಾವ ಬೆಂಗಳೂರಿಗೆ, ನಾನೂ ಅಣ್ಣನೂ ಊರಿಗೆ ಎಂದು ಮಾತಾಯಿತು. ಅಕ್ಕನಿಗೆ ಕೊಡಲು ಒಂದು ಡಬ್ಬಿ ಬೆಣ್ಣೆ ತಂದಿದ್ದೆ. ಮುಂದೆ ಬ್ಯಾಗು ಇತ್ತಲ್ಲ, ಡಬ್ಬಿಯನ್ನು ಹಿಂದಿನ ಡಿಕ್ಕಿಯಲ್ಲಿ ಇಟ್ಟೆ.

ಮೊದಲು ಊರೊಳಗಿನ ಮಾತು. ಹಳೇ ಪಿ.ಬಿ. ರಸ್ತೆ, ಜಯದೇವ ಸರ್ಕಲ್, ಅಲ್ಲಿನ ಆಟೊ, ಬಸ್ಸು, ದ್ವಿಚಕ್ರ ವಾಹನಗಳ ನಡುವೆ ಆಮೆಯ ಹಾಗೆ ಹೋಗುವಾಗ ಎರಡೂ ಗೇರ್‌ಬಾಕ್ಸುಗಳ ಗುಣ ಬೇರೆ ಬೇರೆ ಅಂತ ಗೊತ್ತಾಗುತ್ತದೆ. ಎರಡನ್ನೂ ನಾವು ಆಟೊಮ್ಯಾಟಿಕ್ ಅಂತಲೇ ಕರೆಯುತ್ತೇವೆ, ಆದರೆ ಒಳಗಿನ ಕೆಲಸ ಒಂದೇ ಅಲ್ಲ. ಪಿಡಿಕೆಯಲ್ಲಿ ಎರಡು ಕ್ಲಚ್. ಒಂದು, ಮೂರು, ಐದು, ಏಳನೇ ಗೇರು ಒಂದು ಕ್ಲಚ್ಚಿಗೆ, ಎರಡು, ನಾಲ್ಕು, ಆರು ಇನ್ನೊಂದಕ್ಕೆ. ನೀವು ಮೂರರಲ್ಲಿ ಇರುವಾಗಲೇ ನಾಲ್ಕು ತಯಾರಾಗಿ ಕಾದಿರುತ್ತದೆ. ಹಾಗಾಗಿ ಗೇರ್ ಬದಲಾಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಅಣ್ಣನ ಕಾರಿನದು ಟಾರ್ಕ್ ಕನ್ವರ್ಟರ್. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆಯೇ ಕೊಂಡಿ, ಅದರಿಂದ ಎಳೆತ ಹಿತವಾಗಿ ಬರುತ್ತದೆ. ಅರ್ಧ ಅಡಿ ಮುಂದೆ, ಮತ್ತೆ ಬ್ರೇಕು, ಮತ್ತೆ ಅರ್ಧ ಅಡಿ ಎನ್ನುವ ಕಡೆ ಜೆಡ್4 ಬೆಣ್ಣೆಯಂತೆ ಜಾರುತ್ತದೆ. ಬಾಕ್ಸ್‌ಟರಿನಲ್ಲಿ ಕ್ಲಚ್ ಹಿಡಿಯುವುದು ಬಿಡುವುದು ಕಾಲಿಗೆ ಸಣ್ಣಗೆ ತಿಳಿಯುತ್ತದೆ. ತೊಂದರೆ ಅನ್ನುವಷ್ಟಿಲ್ಲ, ಆದರೆ ಪಾದ ಹಗುರ ಇರಬೇಕು. ಊರೊಳಗೆ ಹೆಚ್ಚು ಓಡಿಸುವವರಿಗೆ ನಾನು ಜೆಡ್4 ಅಂತಲೇ ಹೇಳುತ್ತೇನೆ.

ಹಂಪುಗಳ ವಿಷಯದಲ್ಲಿ ಎರಡಕ್ಕೂ ಒಂದೇ ಉಪಾಯ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಬೇಕು. ಜೆಡ್4ರ ತಳ ನೆಲದಿಂದ 114 ಮಿಲಿಮೀಟರ್ ಮಾತ್ರ ಮೇಲಿದೆ. ಅಣ್ಣ ಊರಿನ ಪ್ರತಿಯೊಂದು ಹಂಪನ್ನೂ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದಾರೆ.

ಬೈಪಾಸ್ ಸೇರಿ ಎನ್‌ಎಚ್ 48 ಹಿಡಿದೆವು. ಚಿತ್ರದುರ್ಗದವರೆಗೆ ನಾನು ಬಾಕ್ಸ್‌ಟರಿನಲ್ಲಿ, ಪಕ್ಕದಲ್ಲಿ ಭಾವ. ಆನಗೋಡು, ಭರಮಸಾಗರ ದಾಟುವಾಗ ಟಾಪು ತೆಗೆದೆ. ಒಂಬತ್ತು ಸೆಕೆಂಡಿನಲ್ಲಿ ತೆರೆಯುತ್ತದೆ, 50ರ ವೇಗದ ಒಳಗೆ ಇದ್ದರೆ ನಿಲ್ಲಿಸುವುದೂ ಬೇಡ. ಜೆಡ್4ರದು ಹತ್ತು ಸೆಕೆಂಡ್, ಅದೂ 50ರ ಒಳಗೆ. ಚಿತ್ರದುರ್ಗ ಹತ್ತಿರವಾದಂತೆ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ಕಾಣುತ್ತವಲ್ಲ, ಆಷಾಢದಲ್ಲಿ ಅವು ಯಾಕೆ ಅಲ್ಲಿ ನಿಂತಿವೆ ಅನ್ನುವುದು ಟಾಪಿಲ್ಲದ ಕಾರಿನಲ್ಲಿ ಕೂತವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಪಕ್ಕದಿಂದ ಗಾಳಿ ಗುದ್ದುತ್ತಿತ್ತು. ಕಿಟಕಿ ಗಾಜು ಏರಿಸಿಕೊಂಡರೆ ಮಾತಾಡಬಹುದು, ಇಲ್ಲದಿದ್ದರೆ ಕೂಗಬೇಕು. 90ರ ವೇಗದಲ್ಲೂ ಸ್ಟೀರಿಂಗ್ ಅಲುಗಲಿಲ್ಲ. ಇದು ನನಗೆ ತುಂಬಾ ಹಿಡಿಸಿತು.

ದುರ್ಗದಲ್ಲಿ ಕಾರು ಬದಲಾಯಿಸಿದೆವು. ಅಲ್ಲಿಂದ ಹಿರಿಯೂರಿನವರೆಗಿನ ನಲವತ್ತು ಕಿಲೋಮೀಟರ್ ನಾನು ಜೆಡ್4 ಓಡಿಸಿದೆ. ಹೈವೇ ಅಂದರೆ ಇದೇ ಕಾರು, ಅದರಲ್ಲಿ ಅನುಮಾನವೇ ಇಲ್ಲ. ಆ 500 ನ್ಯೂಟನ್ ಮೀಟರ್ 1,600 ಆರ್‌ಪಿಎಂನಲ್ಲೇ ಸಿಗುತ್ತದೆ. ಮುಂದಿನ ಲಾರಿ ಬಲಕ್ಕೆ ಬಂದು ಇನ್ನೊಂದು ಲಾರಿಯನ್ನು ನಿಧಾನವಾಗಿ ದಾಟಿ ಮತ್ತೆ ಎಡಕ್ಕೆ ಸರಿಯುವ ತನಕ ಕಾದು, ಆಮೇಲೆ ಪೆಡಲ್ ಸ್ವಲ್ಪ ಒತ್ತಿದರೆ ಸಾಕು, ಗೇರ್ ತಾನೇ ಇಳಿದು ಕಾರು ಮುಂದಕ್ಕೆ ಚಿಮ್ಮುತ್ತದೆ, 100ರ ಮಿತಿ ದಾಟದಂತೆ ನಾವೇ ಕಾಲು ಹಿಡಿದುಕೊಳ್ಳಬೇಕು. ಆ ಆರು ಸಿಲಿಂಡರಿನ ಸದ್ದು ಎಷ್ಟು ನುಣುಪು ಅಂದರೆ ರೇಡಿಯೊ ಹಾಕಲು ಮನಸ್ಸಾಗಲಿಲ್ಲ. ಬಾಕ್ಸ್‌ಟರಿನ ನಾಲ್ಕು ಸಿಲಿಂಡರ್ ಒರಟು ದನಿಯದು. 2016ರಲ್ಲಿ 718 ಎಂಬ ಹೆಸರು ಬಂದಾಗ ಆರು ಸಿಲಿಂಡರ್ ತೆಗೆದು ನಾಲ್ಕು ಹಾಕಿದ್ದಕ್ಕೆ ಅಭಿಮಾನಿಗಳು ಬೇಜಾರಾಗಿದ್ದರು. ಆಮೇಲೆ 718ರದ್ದೇ ಜಿಟಿಎಸ್ 4.0 ಎಂಬ ಮಾದರಿಯಲ್ಲಿ ಟರ್ಬೊ ಇಲ್ಲದ ಆರು ಸಿಲಿಂಡರ್ ವಾಪಸ್ ಬಂತು. ಸದ್ದು ಕೇಳಿದ ಮೇಲೆ ಆ ಬೇಜಾರು ನನಗೂ ನ್ಯಾಯ ಅನ್ನಿಸಿತು.

ಇಲ್ಲಿಯವರೆಗೆ ಎಲ್ಲದರಲ್ಲೂ ಜೆಡ್4 ಮೇಲು ಅಂತಲೇ ಅಂದುಕೊಂಡಿದ್ದೆ.

ಹಿರಿಯೂರಿನಿಂದ ಹೈವೇ ಬಿಟ್ಟು ಮಾರಿಕಣಿವೆ, ಅಂದರೆ ವಾಣಿ ವಿಲಾಸ ಸಾಗರದ ಕಡೆಗೆ ತಿರುಗಿದೆವು. ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡವಾಗಿ 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು ಅದು. ಗುಡ್ಡದ ಬುಡದಲ್ಲಿ ಒಂದಷ್ಟು ತಿರುವುಗಳಿವೆ. ಜನ ಇನ್ನೂ ಬಂದಿರಲಿಲ್ಲ. ಒಂದೇ ತುಂಡು ರಸ್ತೆಯಲ್ಲಿ, 50-60ರ ವೇಗದಲ್ಲಿ, ಮೊದಲು ಜೆಡ್4, ಆಮೇಲೆ ಬಾಕ್ಸ್‌ಟರ್, ಮತ್ತೆ ಜೆಡ್4, ಮತ್ತೆ ಬಾಕ್ಸ್‌ಟರ್ ಓಡಿಸಿದೆ.

ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದು ಗಿರ್ರನೆ ತಿರುಗಿ ನೋಡಿ. ಅದೇ ಕೊಡವನ್ನು ಎರಡೂ ಕೈ ಚಾಚಿ ಹಿಡಿದು ತಿರುಗಿ ನೋಡಿ. ಭಾರ ಅಷ್ಟೇ, ಆದರೆ ಎರಡನೆಯದರಲ್ಲಿ ಮೈ ತಿರುಗಲು ತಡ, ನಿಲ್ಲಲು ಇನ್ನೂ ತಡ. ಬಾಕ್ಸ್‌ಟರಿನ ಇಂಜಿನ್ ಸೀಟಿನ ಹಿಂದೆ, ಹಿಂದಿನ ಆಕ್ಸಲಿನ ಮುಂದೆ ಇದೆ, ಅಂದರೆ ಸೊಂಟದ ಮೇಲಿನ ಕೊಡ. ಸ್ಟೀರಿಂಗ್ ತಿರುಗಿಸುವುದೂ ಮೂತಿ ತಿರುಗುವುದೂ ಒಟ್ಟಿಗೇ ಆಗುತ್ತದೆ, ನಡುವೆ ಕಾಯುವ ಕ್ಷಣವೇ ಇಲ್ಲ. ಜೆಡ್4ರಲ್ಲಿ ಚಾಲಕ ಕೂರುವುದು ಹೆಚ್ಚು ಕಡಿಮೆ ಹಿಂದಿನ ಚಕ್ರದ ಹತ್ತಿರ, ಮುಂದೆ ಉದ್ದನೆಯ ಬಾನೆಟ್. ತಿರುವಿನಲ್ಲಿ ಮೊದಲು ಮೂತಿ ಹೋಗುತ್ತದೆ, ಆಮೇಲೆ ನಾವು ಹೋಗುತ್ತೇವೆ ಎನ್ನುವ ಹಾಗೆ. ಮುಂದೆ ಹಿಂದೆ ಭಾರ ಸರಿಸಮ ಹಂಚಿದ ಕಾರು ಅದು, ಹಿಡಿತಕ್ಕೆ ಕೊರತೆಯಿಲ್ಲ, ಎಲ್ಲೂ ಹೆದರಿಸುವುದಿಲ್ಲ. ವಿಚಿತ್ರ ಏನೆಂದರೆ ಎರಡರ ವೀಲ್‌ಬೇಸ್ ಬಹುತೇಕ ಒಂದೇ, 2,470 ಮತ್ತು 2,475 ಮಿಲಿಮೀಟರ್. ಚಕ್ರಗಳ ಅಂತರ ಅಷ್ಟೇ ಇದ್ದೂ ಭಾರ ಎಲ್ಲಿ ಕೂತಿದೆ ಎಂಬುದರಿಂದಲೇ ಕಾರಿನ ಸ್ವಭಾವ ಇಷ್ಟು ಬದಲಾಗುತ್ತದೆ, ನನಗೆ ಇದು ಓದಿ ಗೊತ್ತಿತ್ತು, ಬೆನ್ನಿಗೆ ಗೊತ್ತಾದದ್ದು ಅವತ್ತು.

ಬ್ರೇಕ್ ಹಾಕುವಾಗಲೂ ಹಾಗೇ. ಬಾಕ್ಸ್‌ಟರ್ ಮೂಗು ತಗ್ಗಿಸುವುದು ಕಡಿಮೆ, ನಾಲ್ಕೂ ಚಕ್ರ ನೆಲಕ್ಕೆ ಒತ್ತಿ ಕೂತಂತೆ ನಿಲ್ಲುತ್ತದೆ. ಇದೆಲ್ಲ 60ರ ವೇಗದಲ್ಲೇ ಗೊತ್ತಾಗುತ್ತದೆ ಎಂಬುದು ಮುಖ್ಯ. ನಮ್ಮ ರಸ್ತೆಗಳಲ್ಲಿ 150 ಹೋಗುವ ಆಸೆಯೇ ತಪ್ಪು. 60ರಲ್ಲಿ ಖುಷಿ ಕೊಡುವ ಕಾರು ಬೇಕು.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಬೇಗ ತಿರುಗುವ ಕಾರು ಹಿಡಿತ ತಪ್ಪಿದರೂ ಬೇಗ ತಿರುಗುತ್ತದೆ. ಮಳೆಯಲ್ಲಿ ತಿರುವಿನ ನಡುವೆ ದಿಢೀರನೆ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಡಿ, ಬ್ರೇಕ್ ಒದೆಯಬೇಡಿ. ನಿಧಾನ ಮಾಡುವುದನ್ನೆಲ್ಲ ತಿರುವಿಗೆ ಮೊದಲೇ ಮುಗಿಸಿ. ಕಾರು ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ಕಾವಲು ಇರುತ್ತದೆ, ಅದನ್ನು ಆಫ್ ಮಾಡುವ ಯೋಚನೆ ಬೇಡ.

ಅಣೆಕಟ್ಟಿನ ಹತ್ತಿರ ನಿಲ್ಲಿಸಿ ಹಿಂದಿನ ಡಿಕ್ಕಿ ತೆಗೆದೆ. ಬೆಣ್ಣೆ ಕರಗಿ ತುಪ್ಪದ ಬಣ್ಣಕ್ಕೆ ಬಂದಿತ್ತು. ಇಂಜಿನ್ ನಡುವೆ ಇದ್ದರೆ ಅದರ ಬಿಸಿ ಹಿಂದಿನ ಡಿಕ್ಕಿಗೂ ತಟ್ಟುತ್ತದೆ, ಸೈಲೆನ್ಸರ್ ಕೂಡ ಅಲ್ಲೇ ಕೆಳಗೆ. ಅಲ್ಲಿ ಇಟ್ಟದ್ದು ನನ್ನ ತಪ್ಪು. ಮುಂದಿನ ಡಿಕ್ಕಿ ತಣ್ಣಗಿತ್ತು. ಬ್ಯಾಗು ಹಿಂದಕ್ಕೆ, ಡಬ್ಬಿ ಮುಂದಕ್ಕೆ ಮಾಡಿದೆವು. ಜಾಗ ಮಾತ್ರ ಬಾಕ್ಸ್‌ಟರಿನಲ್ಲೇ ಹೆಚ್ಚು ಉಪಯೋಗದ್ದು ಅನ್ನಿಸಿತು. ಮುಂದೆ 150 ಲೀಟರ್, ಅದೂ ಆಳವಾಗಿದೆ, ಹಿಂದೆ 125. ಜೆಡ್4ರದು 281 ಲೀಟರ್, ಒಂದೇ ಕಡೆ, ಟಾಪು ತೆಗೆದರೂ ಕಡಿಮೆಯಾಗುವುದಿಲ್ಲ. ಸ್ಟೆಪ್ನಿ ಎರಡರಲ್ಲೂ ಇಲ್ಲ. ಪಂಕ್ಚರ್ ಆದರೆ ಅಂಟು ದ್ರವ ಹಾಕಿ ಗಾಳಿ ತುಂಬಿಕೊಂಡು ಹೋಗಬೇಕು. ಟೈರಿನ ಪಕ್ಕ ಹರಿದರೆ ಅದೂ ಆಗುವುದಿಲ್ಲ, ಗಾಡಿ ಹೊರುವ ಲಾರಿಯೇ ಗತಿ.

ಮೂರನೆಯದಾಗಿ ಮರ್ಸಿಡಿಸ್ ಎಸ್‌ಎಲ್‌ಸಿ 43 ಬಗ್ಗೆ ಕೇಳುವವರಿದ್ದಾರೆ. ಹರಿಹರದಲ್ಲಿ ಪರಿಚಯದವರೊಬ್ಬರ ಪಕ್ಕ ಕೂತು ಹೋಗಿದ್ದೇನೆ, ಓಡಿಸಿಲ್ಲ. ಲೋಹದ ಟಾಪು, ಮುಚ್ಚಿದರೆ ಒಳಗೆ ಮಾಮೂಲಿ ಕಾರಿನಷ್ಟೇ ನಿಶ್ಶಬ್ದ. ತೆರೆದರೆ ಆ ಟಾಪು ಡಿಕ್ಕಿಯೊಳಗೆ ಮಡಚಿ ಕೂರುವುದರಿಂದ 335 ಲೀಟರಿನ ಜಾಗ 225ಕ್ಕೆ ಇಳಿಯುತ್ತದೆ. ಬಿಸಿಲು, ಧೂಳಿಗೆ ಅದು ಒಳ್ಳೆಯದು.

ನನಗೆ ಯಾವುದು ಬೇಕು? ಬಾಕ್ಸ್‌ಟರ್. ವಾಪಸ್ ಬರುವಾಗ ಅಣ್ಣನ ಜೊತೆ ಜೆಡ್4ರಲ್ಲಿ ಕೂತು ಅಷ್ಟೂ ದೂರ ಅದೇ ಮಾತಾಡಿದೆವು. 'ನಿಂಗೆ ವಾರಕ್ಕೆ ಎಷ್ಟು ತಿರುವು ಸಿಗ್ತಾವಪ್ಪಾ? ನಮ್ಮದು ಪೂರ್ತಿ ಬಯಲು ಸೀಮೆ' ಅಂದರು ಅಣ್ಣ. ಮಾತು ಸರಿಯೇ. ದಿನಾ ಊರೊಳಗೆ ಓಡಾಡಿ, ತಿಂಗಳಿಗೆರಡು ಸಲ ಬೆಂಗಳೂರಿಗೆ ಹೋಗಿ ಬರುವ ಅವರಿಗೆ ಜೆಡ್4 ಬಿಟ್ಟು ಬೇರೆ ಬೇಡ. ಆದರೆ ಇಂಥ ಕಾರು ಕೊಳ್ಳುವುದೇ ಭಾನುವಾರದ ಬೆಳಿಗ್ಗೆಗೆ ಅಲ್ವಾ? ಆ ಎರಡು ಗಂಟೆಗಳಲ್ಲಿ ಬಾಕ್ಸ್‌ಟರ್ ಕೊಡುವುದನ್ನು ಜೆಡ್4 ಕೊಡುವುದಿಲ್ಲ. ಪೆಟ್ರೋಲ್ 718 ತಯಾರಿಕೆ 2025ರಲ್ಲಿ ನಿಂತಿದೆ, ಹಾಗಾಗಿ ಇನ್ನು ಹುಡುಕುವುದೆಲ್ಲ ಹಳೆಯದನ್ನೇ. ನನ್ನ ಕೈಗೆ ದುಡ್ಡು ಬಂದರೆ 2016ಕ್ಕಿಂತ ಹಿಂದಿನ, ಆರು ಸಿಲಿಂಡರ್ ಇರುವ, ಪಿಡಿಕೆಯ ಬಾಕ್ಸ್‌ಟರ್ ಹುಡುಕುತ್ತೇನೆ. ಶಕ್ತಿ ಕಡಿಮೆ, 2.7 ಲೀಟರಿನದು 265 ಕುದುರೆ ಅಷ್ಟೇ. ಪರವಾಗಿಲ್ಲ.

ಹಳೆಯದು ನೋಡಲು ಹೋಗುವವರು ಒಂದನ್ನು ಮರೆಯಬೇಡಿ. ಇಂಜಿನ್ ಹಿಂದಿದ್ದರೂ ಇದರ ರೇಡಿಯೇಟರುಗಳು ಮುಂದಿನ ಬಂಪರಿನ ಎಡಬಲದ ಬಾಯಿಗಳ ಹಿಂದೆ ಇವೆ. ನಮ್ಮ ಕಡೆ ಸುಗ್ಗಿಯಲ್ಲಿ ರಸ್ತೆ ಮೇಲೇ ಒಕ್ಕಣೆ ನಡೆಯುತ್ತದೆ, ಮೆಕ್ಕೆಜೋಳ ಹರವಿರುತ್ತಾರೆ. ಆ ಹೊಟ್ಟು, ಸೊಪ್ಪು, ಧೂಳು ಎಲ್ಲ ಆ ಬಾಯಿಗಳೊಳಗೆ ಹೋಗಿ ಕೂರುತ್ತದೆ. ಟಾರ್ಚ್ ಹಿಡಿದು ಒಳಗೆ ನೋಡಿ. ಕಸ ತುಂಬಿದ್ದರೆ ತೆಗೆಸಿ, ಹಸಿಯಾಗಿ ಕೊಳೆತು ಲೋಹ ತಿಂದಿದೆಯಾ ಅಂತ ಪರೀಕ್ಷಿಸಿದ ಮೇಲೆಯೇ ದುಡ್ಡಿನ ಮಾತು ಆಡಿ.