ಊರೇ ಜಮೀನು ಕೊಳ್ಳುವ ಸ್ಕಾಟ್ಲೆಂಡ್ ಕಾಯ್ದೆ: ಎಷ್ಟು ಕೆಲಸಕ್ಕೆ ಬರುತ್ತದೆ?

ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆಯನ್ನು ನಮ್ಮ ‘ಉಳುವವನೇ ಹೊಲದೊಡೆಯ’ದ ಜತೆ ಹೋಲಿಸಲು ಹೋಗಬೇಡಿ. ಅಲ್ಲಿ ಸರ್ಕಾರ ಜಮೀನು ಕೊಡಿಸುವುದಿಲ್ಲ, ಊರಿನವರೇ ಮಾರುಕಟ್ಟೆ ದರ ಕೊಟ್ಟು ಕೊಳ್ಳಬೇಕು. ಕಾಯ್ದೆ ಕೊಡುವುದು ಮೊದಲ ಸರದಿ, ಅದೂ ಒಡೆಯ ಮಾರಲು ಹೊರಟಾಗ.

ಮೊದಲು ಸಂಘ ಕಟ್ಟಬೇಕು. ಕನಿಷ್ಠ 10 ಸದಸ್ಯರು, ಅದರಲ್ಲಿ ಮುಕ್ಕಾಲು ಪಾಲು ಆ ಊರಿನವರೇ. ಆಮೇಲೆ ಜಮೀನಿನ ಚಕ್ಕುಬಂದಿ ತೋರಿಸುವ ನಕ್ಷೆ, ಊರಿನ ಮತದಾರರಲ್ಲಿ ಶೇ. 10 ಮಂದಿಯ ಸಹಿ. ಎಡವುವುದು ಇಲ್ಲೇ. 6 ತಿಂಗಳಿಗಿಂತ ಹಳೆಯ ಸಹಿ ಲೆಕ್ಕಕ್ಕಿಲ್ಲ, ಹಾಗಾಗಿ ಹಾಳೆಯ ಪ್ರತಿ ಸಾಲಿನಲ್ಲೂ ಹೆಸರು, ವಿಳಾಸ, ಪೋಸ್ಟ್‌ಕೋಡಿನ ಪಕ್ಕ ತಾರೀಕು ಬರೆಸಿ. ಶೇ. 10 ಮುಟ್ಟಿತೆಂದು ನಿಲ್ಲಿಸಬೇಡಿ. ಪಟ್ಟಿಯಲ್ಲಿಲ್ಲದವರ ಸಹಿ ಬಿದ್ದುಹೋಗುತ್ತದೆ.

ಇವನ್ನೆಲ್ಲ ಸೇರಿಸಿ ಹಾಕಿದ ಅರ್ಜಿಗೆ ಸ್ಕಾಟ್ಲೆಂಡಿನ ಮಂತ್ರಿಗಳು ಒಪ್ಪಿದರೆ ಮೊದಲ ಸರದಿಯ ಹಕ್ಕು ನೋಂದಣಿಯಾಗುತ್ತದೆ, ಅದು 5 ವರ್ಷ ಇರುತ್ತದೆ. ಆ ಅವಧಿಯಲ್ಲಿ ಒಡೆಯ ಮಾರಲು ಮುಂದಾದರೆ ಸ್ವತಂತ್ರ ಮೌಲ್ಯಮಾಪಕರು ಬೆಲೆ ಕಟ್ಟುತ್ತಾರೆ, ಊರಲ್ಲಿ ಮತದಾನ ನಡೆಯುತ್ತದೆ, ಹಣ ಹೊಂದಿಸಲು ಸುಮಾರು 8 ತಿಂಗಳು ಸಿಗುತ್ತದೆ. ‘ಮಾರಾಟಕ್ಕಿದೆ’ ಬೋರ್ಡು ಬಿದ್ದ ಮೇಲೂ ಅರ್ಜಿ ಹಾಕಬಹುದು. ಆದರೆ ತಡವಾದದ್ದಕ್ಕೆ ಗಟ್ಟಿ ಕಾರಣ ಬೇಕು, ಬೋರ್ಡಿಗೆ ಮುಂಚೆಯೇ ತಯಾರಿ ನಡೆದಿತ್ತೆಂದು ತೋರಿಸಬೇಕು. ಬಹುತೇಕ ಊರುಗಳಿಗೆ ಇದು ದಾಟಲಾಗದ ಗೋಡೆ.

ದೊಡ್ಡ ತೂತು ಇನ್ನೊಂದು. ದಾನವಾಗಿಯೋ ಉತ್ತರಾಧಿಕಾರವಾಗಿಯೋ ಒಂದೇ ಗುಂಪಿನ ಕಂಪನಿಗಳ ನಡುವೆಯೋ ಜಮೀನು ಕೈಬದಲಾದರೆ ಈ ಹಕ್ಕು ಎಚ್ಚರಗೊಳ್ಳುವುದೇ ಇಲ್ಲ. ಜಮೀನಿನ ಬದಲು ಕಂಪನಿಯ ಷೇರನ್ನೇ ಮಾರಿದರೂ ಅಷ್ಟೇ.

2015ರ ತಿದ್ದುಪಡಿ ಹಕ್ಕನ್ನು ನಗರಗಳಿಗೂ ವಿಸ್ತರಿಸಿತು. ಎಡಿನ್‌ಬರೋದ ಪೋರ್ಟೊಬೆಲ್ಲೊದಲ್ಲಿ ಹಳೆಯ ಚರ್ಚ್ ಕಟ್ಟಡ ಊರಿನ ಕೈಸೇರಿದ್ದು ಹೀಗೆ. ಪಾಳುಬಿದ್ದ ಜಮೀನಿಗೆ 2018ರಿಂದ, ಸುಸ್ಥಿರ ಅಭಿವೃದ್ಧಿಯ ಹೆಸರಲ್ಲಿ 2020ರಿಂದ, ಒಡೆಯ ಒಲ್ಲೆನೆಂದರೂ ಕೊಳ್ಳುವ ದಾರಿಯಿದೆ. ಕಾಗದದ ಮೇಲೆ ಇವೇ ಹೆಚ್ಚು ಬಲವಾದವು. ಆದರೆ ಮೊದಲು ಒಡೆಯನಿಗೆ ಬರೆದು ಕೇಳಿರಬೇಕು, ಆಮೇಲೆ ಸಾಕ್ಷ್ಯದ ಹೊರೆ ಪೂರ್ತಿ ಊರಿನ ತಲೆಯ ಮೇಲೆ. ವಕೀಲರ ಖರ್ಚೇ ಸುಸ್ತು ಮಾಡುತ್ತದೆ.

ಹಣಕ್ಕೆ ಸ್ಕಾಟಿಷ್ ಲ್ಯಾಂಡ್ ಫಂಡ್ ಇದೆ: ಖರ್ಚಿನ ಶೇ. 95ರವರೆಗೆ, ಸಾಮಾನ್ಯವಾಗಿ 10 ಲಕ್ಷ ಪೌಂಡ್ ಮಿತಿಯೊಳಗೆ. ಕೊಂಡ ಮೇಲೆ ಮಾಡು ಸೋರಿದರೆ ರಿಪೇರಿ ಊರಿನದೇ, ಅದಕ್ಕೂ ಲೆಕ್ಕ ಹಾಕಿಡಿ.

ದೊಡ್ಡ ಖರೀದಿಗಳು ಎಷ್ಟೋ ಸಲ ಮಾತುಕತೆಯಲ್ಲೇ ಮುಗಿದಿವೆ. 2021ರಲ್ಲಿ ಲ್ಯಾಂಗಮ್ ಊರು 5,200 ಎಕರೆಯನ್ನು 38 ಲಕ್ಷ ಪೌಂಡಿಗೆ ಕೊಂಡದ್ದು ಒಡೆಯರ ಜತೆ ಕೂತು ಮಾತಾಡಿಯೇ. ಕೈಯಲ್ಲಿ ಬೆತ್ತವಿದ್ದರೆ ಮಾತು ಬೇಗ ಕುದುರುತ್ತದೆ, ಈ ಕಾಯ್ದೆಯ ಬೆಲೆ ಹೆಚ್ಚಾಗಿ ಅಲ್ಲಿದೆ. ಇಂಗ್ಲೆಂಡಿನ 2011ರ ಸ್ಥಳೀಯತಾ ಕಾಯ್ದೆಯಲ್ಲಿ ಆ ಬೆತ್ತವೂ ಇರಲಿಲ್ಲ: ಅದು ಮಾರಾಟವನ್ನು 6 ತಿಂಗಳು ತಡೆಯುತ್ತಿತ್ತು, ಅಷ್ಟೆ, ಊರಿಗೇ ಮಾರಬೇಕೆಂಬ ಕಟ್ಟುಪಾಡಿರಲಿಲ್ಲ.

ನೋಂದಣಿಯಾದ ದಿನವೇ ನವೀಕರಣದ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅರ್ಜಿ ಹಾಕಬೇಕಾದ್ದು ಐದನೇ ವರ್ಷದ ಕೊನೆಯ 6 ತಿಂಗಳೊಳಗೆ. ತಪ್ಪಿದರೆ ನಕ್ಷೆ, ಸಹಿ, ಎಲ್ಲ ಮೊದಲಿನಿಂದ.