ಬಣ್ಣ ಹಚ್ಚುವುದೋ, ನೇಪಥ್ಯದಲ್ಲಿ ನಿಲ್ಲುವುದೋ?

ದಿನವಿಡೀ ಕೆಲಸ, ಮನೆಯಲ್ಲಿ ಮಕ್ಕಳು, ಆದರೂ ನಾಟಕದ ಹುಚ್ಚು ಬಿಡುತ್ತಿಲ್ಲ ಎನ್ನುವವರು ಹವ್ಯಾಸಿ ತಂಡ ಸೇರುವ ಮುನ್ನ ತಮ್ಮ ಬಿಡುವು ಯಾವ ಹೊತ್ತಿನದು ಎಂದು ನೋಡಿಕೊಳ್ಳಬೇಕು.

ಮುಖ್ಯ ಪಾತ್ರ ಸಿಕ್ಕಿತೆಂದರೆ ಹೆಚ್ಚುಕಡಿಮೆ ಪ್ರತಿ ಸಂಜೆ ತಾಲೀಮು. ಆಫೀಸಿನ ಮೀಟಿಂಗ್ ಎಳೆದ ದಿನ ಎದುರು ಪಾತ್ರದವರೂ ಸುಮ್ಮನೆ ಕೂರಬೇಕು. ಮಾತು ಬಾಯಿಪಾಠ ಮಾಡುವುದು ಮಾತ್ರ ಬಸ್ಸಿನಲ್ಲೋ, ಪಾತ್ರೆ ತೊಳೆಯುತ್ತಲೋ ಆಗಿಬಿಡುತ್ತದೆ. ಎದುರಿನವರ ಮಾತು ಓದಿಕೊಡಲು ಮನೆಯವರನ್ನೇ ಹಿಡಿದರೆ ಅವರಿಗೂ ನಾಟಕ ತಮ್ಮದೆನಿಸುತ್ತದೆ. (ಸ್ವಲ್ಪ ದಿನದಲ್ಲೇ ಮಕ್ಕಳು ನಿಮ್ಮ ತಪ್ಪು ತಿದ್ದತೊಡಗುತ್ತಾರೆ, ಸಿದ್ಧರಿರಿ.)

ವಸ್ತ್ರ, ಪರಿಕರ, ರಂಗಸಜ್ಜಿಕೆಯದು ಬೇರೆ ಲೆಕ್ಕ. ಹೊಲಿಗೆ, ಬಣ್ಣ ಬಳಿಯುವುದು ಇವನ್ನೆಲ್ಲ ರಜಾದಿನಕ್ಕೆ ಇಟ್ಟುಕೊಳ್ಳಬಹುದು, ಮಕ್ಕಳನ್ನೂ ಕರೆದೊಯ್ಯಬಹುದು. ಬೆಳಕಿನವರಿಗೆ ಮೊದಲ ವಾರಗಳು ಹಗುರ. ಪ್ರದರ್ಶನದ ವಾರ ಮಾತ್ರ ಮನೆ ಸೇರುವಾಗ ಎಲ್ಲರೂ ಮಲಗಿರುತ್ತಾರೆ. ಆ ವಾರಕ್ಕೆ ರಜೆ ಮೊದಲೇ ಹಾಕಿಡಿ.

ನೇಪಥ್ಯವೆಂದರೆ ಸುಲಭ ಎಂದುಕೊಂಡು ರಂಗನಿರ್ವಹಣೆ ಮಾತ್ರ ಒಪ್ಪಿಕೊಳ್ಳಬೇಡಿ. ಎಲ್ಲರ ಹಾಜರಿ, ಪ್ರವೇಶ-ನಿರ್ಗಮನ, ನಿರ್ದೇಶಕರು ನಿನ್ನೆ ಬದಲಿಸಿದ್ದು, ಇವತ್ತು ಮತ್ತೆ ಬದಲಿಸಿದ್ದು ಎಲ್ಲ ನಿಮ್ಮ ತಲೆಗೇ. ನಾಯಕನ ಪಾತ್ರಕ್ಕಿಂತ ಭಾರ ಅದು. ಒಂದು ತಾಲೀಮನ್ನೂ ತಪ್ಪಿಸುವಂತಿಲ್ಲ.

ಎಳೆ ಮಗು ಇರುವವರಿಗೆ, ಪಾಳಿ ಕೆಲಸದವರಿಗೆ ನಾನು ವಸ್ತ್ರ ಇಲ್ಲವೇ ಪರಿಕರವನ್ನೇ ಹೇಳುತ್ತೇನೆ. ನಟಿಸಲೇಬೇಕು ಎಂದಿದ್ದರೆ ಒಂದೆರಡು ದೃಶ್ಯದ ಸಣ್ಣ ಪಾತ್ರ ಕೇಳಿ. ಪಾತ್ರ ಹಂಚುವ ದಿನವೇ, ಬರಲಾಗದ ಸಂಜೆಗಳ ಪಟ್ಟಿಯನ್ನು ನಿರ್ದೇಶಕರ ಕೈಗೆ ಕೊಟ್ಟುಬಿಡಿ.