ಲಾಗೋಸ್‌ನಲ್ಲಿ ಬಾಡಿಗೆ ಮನೆ: ಇಕೊರೊಡುಗಿಂತ ಸುರುಲೆರೆಯೇ ಸರಿ

ಕಂಪನಿ ಮನೆ ಕೊಡದೆ ನೈಜೀರಿಯಾದ ಲಾಗೋಸ್‌ಗೆ ಕೆಲಸಕ್ಕೆ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ, ದುಡ್ಡು ಹೊಂದುತ್ತದೆ ಅಂದರೆ ಸುರುಲೆರೆ ಏರಿಯಾದಲ್ಲೇ ಮನೆ ಹುಡುಕಿ.

ನಾನು ಮೊದಲು ಇದ್ದದ್ದು ಊರಂಚಿನ ಇಕೊರೊಡುವಿನಲ್ಲಿ. ಸುರುಲೆರೆಯಲ್ಲಿ ಒಂದೇ ರೂಮಿನ ಸೆಲ್ಫ್ ಕಂಟೈನ್‌ಗೆ (ಅಡುಗೆ ಜಾಗ, ಬಾತ್‌ರೂಮ್ ಸ್ವಂತದ್ದೇ ಇರುವ ರೂಮು) ಕೇಳುವ ದುಡ್ಡಿಗೆ ಇಕೊರೊಡುವಿನಲ್ಲಿ ಹಾಲ್, ಬೆಡ್‌ರೂಮ್ ಇರುವ ಮಿನಿ ಫ್ಲಾಟ್ ಸಿಕ್ಕಿತ್ತು. ಅಕ್ಕಪಕ್ಕದವರೂ ಒಳ್ಳೆಯವರು. ತಲೆನೋವು ಅಂದರೆ ಕರೆಂಟ್ ಮೀಟರ್.

ಇಡೀ ಕಾಂಪೌಂಡಿಗೆ ಒಂದೇ ಪ್ರೀಪೇಯ್ಡ್ ಮೀಟರ್. ದುಡ್ಡು ಕಟ್ಟಿ, 20 ಅಂಕಿಯ ಟೋಕನ್ ಒತ್ತಿದರೆ ಮಾತ್ರ ಯೂನಿಟ್ ಬರುತ್ತದೆ. ಎಲ್ಲರೂ ಸಮಪಾಲು ಹಾಕಬೇಕು. ನನ್ನದು ಒಂದು ಫ್ಯಾನ್, ಎರಡು ಬಲ್ಬು, ಸಣ್ಣ ಫ್ರಿಜ್. ಎದುರು ಮನೆಯವರು ದೊಡ್ಡ ಫ್ರೀಜರ್ ಇಟ್ಟುಕೊಂಡು ಐಸ್ ಮಾರುತ್ತಿದ್ದರು. ಪಾಲು ಮಾತ್ರ ಒಂದೇ!

ರಾತ್ರಿ ಹನ್ನೊಂದಕ್ಕೆ ಯೂನಿಟ್ ಮುಗಿದರೆ ಮನೆಮನೆ ಬಾಗಿಲು ತಟ್ಟಿ ದುಡ್ಡು ಎತ್ತಬೇಕು, ಒಬ್ಬರಿಗೆ ಸಂಬಳ ಬಂದಿರುವುದಿಲ್ಲ, ಇನ್ನೊಬ್ಬರು ಊರಲ್ಲಿ ಇರುವುದಿಲ್ಲ, ಅವರ ಪಾಲು ಯಾರು ಹಾಕಬೇಕು ಅಂತ ಅಂಗಳದಲ್ಲೇ ಜಗಳ. ಅಷ್ಟರಲ್ಲಿ ನನ್ನ ದೋಸೆ ಹಿಟ್ಟು ಹುಳಿ ಬಂದು ಉಕ್ಕಿರುತ್ತಿತ್ತು. ಜನರೇಟರ್ ಹಾಕೋಣ ಅಂದರೆ, 2023ರಲ್ಲಿ ಸಬ್ಸಿಡಿ ತೆಗೆದ ಮೇಲೆ ಪೆಟ್ರೋಲ್ ಮುಟ್ಟುವ ಹಾಗೇ ಇಲ್ಲ.

ಟ್ರಾಫಿಕ್ಕಂತೂ ಕೇಳಲೇಬೇಡಿ. ಇಕೊರೊಡುವಿನಿಂದ ಬರುವ ದಾರಿಯಲ್ಲಿ ಮೈಲ್ 12 ಅನ್ನುವ ಜಾಗದ ಹತ್ತಿರ ಬಸ್ ನಿಂತರೆ ನಿಂತಿತು.

ಅಜಾ ಅನ್ನುವ ಏರಿಯಾದಲ್ಲೂ ಒಂದು ಮನೆ ನೋಡಿದ್ದೆ. ಮಳೆಗಾಲ, ಬೀದಿ ತುಂಬ ನೀರು. ಆಫೀಸು ಇಲುಪೇಜು ಏರಿಯಾದಲ್ಲಿ ಇರುವ ನನಗೆ ಅದು ದೂರವೂ ಹೌದು.

ಈಗ ನಾನಿರುವ ಸುರುಲೆರೆಯ ಮನೆ ಹಳೆಯದು, ಅಡುಗೆಮನೆಯಲ್ಲಿ ಇಬ್ಬರು ನಿಲ್ಲೋಕಾಗಲ್ಲ. ಆದರೆ ಮೀಟರ್ ನನ್ನದೇ. ಎಷ್ಟು ಉರಿಸುತ್ತೇನೋ ಅಷ್ಟೇ ಕಟ್ಟುತ್ತೇನೆ.

ಕಷ್ಟ ಆಗಿದ್ದು ಮೊದಲ ವರ್ಷದ ದುಡ್ಡು. ಬಾಡಿಗೆ ಇಡೀ ವರ್ಷದ್ದು ಒಟ್ಟಿಗೆ ಕೊಡಬೇಕು. ಅದರ ಮೇಲೆ ಏಜೆಂಟಿಗೆ ಶೇ. 10, ಅಗ್ರಿಮೆಂಟಿಗೆ ಶೇ. 10, ಜೊತೆಗೆ ಡೆಪಾಸಿಟ್. ಬೆಂಗಳೂರಿನ ಅಡ್ವಾನ್ಸ್ ಮನೆ ಬಿಡುವಾಗ ವಾಪಸ್ ಬರುತ್ತದೆ, ಅಲ್ವಾ? ಇಲ್ಲಿ ಡೆಪಾಸಿಟ್ ಬಿಟ್ಟರೆ ಮಿಕ್ಕಿದ್ದೆಲ್ಲ ಹೋದ ಹಾಗೆ. ಕೆಲವರು ಎರಡು ವರ್ಷದ ಬಾಡಿಗೆ ಕೇಳುತ್ತಾರೆ. 2011ರ ಲಾಗೋಸ್ ಬಾಡಿಗೆ ಕಾನೂನಿನ ಪ್ರಕಾರ ಹೊಸಬರ ಹತ್ತಿರ ಒಂದು ವರ್ಷಕ್ಕಿಂತ ಜಾಸ್ತಿ ಕೇಳುವಂತಿಲ್ಲ, ಗಟ್ಟಿಯಾಗಿ ಹೇಳಿ.

ಒಬ್ಬನೇ ಇದ್ದು, ಸಂಜೆ ಬಂದು ಅಡುಗೆ ಮಾಡಿಕೊಳ್ಳುವ ನನಗೆ ಸುರುಲೆರೆಯೇ ಸರಿ. ಹೆಂಡತಿ ಮಕ್ಕಳ ಜೊತೆ ಬರುತ್ತೀರಿ, ಬಜೆಟ್ ಬಿಗಿ ಅಂದರೆ ಇಕೊರೊಡು ನೋಡಬಹುದು. ಆದರೆ ಮೀಟರ್ ನಿಮ್ಮ ಮನೆಗೇ ಬೇರೆ ಇದೆಯಾ, ಹಳೆ ಬಾಕಿ ಏನಾದರೂ ಇದೆಯಾ ಅಂತ ನೋಡಿಕೊಂಡೇ ದುಡ್ಡು ಕೊಡಿ.